ಕುಸಿಯುವ ಮೊದಲೇ ಬಿದ್ದವರು

ರೀ,

ಆಪರೇಷನ್ ಥಿಯೇಟರಿನಲ್ಲಿ ಜನರಿಗೆ ಅರಿವಳಿಕೆ ಕೊಟ್ಟು ಮಲಗಿಸುವುದನ್ನು ಬಿಟ್ಟರೆ ಬೇರೇನೂ ಬಾರದ ನಿಮ್ಮ ಸುಧಾ, ಈ ಚಳಿಗಾಲವಿಡೀ ಅಡುಗೆಮನೆಯ ಮೇಜಿನ ಮೇಲೆ ಸಾವಿರದ ಒಂಬೈನೂರ ಇಪ್ಪತ್ತರ ದಶಕದ ಅಮೆರಿಕವನ್ನು ಹರಡಿಕೊಂಡು ಕೂತಿದ್ದಳು ಎಂದರೆ ನಂಬುತ್ತೀರಾ? ಹೆನ್ರಿ ಫೋರ್ಡನ ಕಾರಿಗೆ ಒಂದೇ ಬಣ್ಣ ಯಾಕೆ, ರೇಡಿಯೊ ಕಂತಿನ ಮೇಲೆ ಹೇಗೆ ಸಿಗುತ್ತಿತ್ತು, ಗೋಧಿಯ ಬೆಲೆ ಯಾಕೆ ಬಿತ್ತು, ಎಲ್ಲ ಈಗ ನನಗೆ ಬಾಯಿಪಾಠ. ನಿಮಗೊಂದು ಸುದ್ದಿ ಹೇಳಬೇಕು. ಆದರೆ ಅದನ್ನು ಪೆನ್ನು ಎತ್ತಿದ ಕೂಡಲೇ ಹೇಳಿಬಿಟ್ಟರೆ ನಿಮಗೆ ಅರ್ಥವಾಗುವುದಿಲ್ಲ. ಸ್ವಲ್ಪ ಹಿಂದಿನಿಂದಲೇ ಬರುತ್ತೇನೆ.

ಲಂಡನ್ನಿನ ಸಟನ್‌ಗೆ ಬಂದ ಹೊಸದರಲ್ಲಿ ಕ್ಷೌರದಂಗಡಿಯ ಮೇಲಿನ ಆ ಫ್ಲ್ಯಾಟ್ ನೆನಪಿದೆಯಾ? ವೀಸಾ ನನ್ನದು, ಕೆಲಸ ನನ್ನದು. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮಾಡಿದ ನೀವು ಸೂಪರ್‌ಮಾರ್ಕೆಟ್ಟಿನಲ್ಲಿ ಬೆಳಗಿನ ಪಾಳಿಗೆ ಹೋಗುತ್ತಿದ್ದಿರಿ. ಒಂದು ಯುಗಾದಿ ಊಟದಲ್ಲಿ ಬೆಂಗಳೂರಿನವರೊಬ್ಬರು ನಿಮ್ಮ ಪಕ್ಕದಲ್ಲಿ ಕೂತು, ಮೇಡಂ ಡಾಕ್ಟ್ರು ಅಂತ ಗೊತ್ತಾಯ್ತು, ನೀವೇನ್ ಮಾಡ್ಕೊಂಡಿದೀರಾ ಅಂತ ಕೇಳಿದರು. ನಾನು ಎಲೆಯ ಮೇಲಿನ ಹೋಳಿಗೆಯನ್ನು ಪಕ್ಕಕ್ಕೆ ಸರಿಸಿದೆ. ನೀವು ಮಾತ್ರ ಸಾರು ಕಲಸುತ್ತಾ, "ಬ್ರೆಡ್ ಜೋಡಸ್ತೀನ್ರಿ. ಭಾಳ ಚಲೋ ಜೋಡಸ್ತೀನಿ," ಅಂದಿರಿ. ಮನೆಗೆ ಬರುವಾಗ ಬಸ್ಸಿನಲ್ಲಿ ನಾನು ಅಳುತ್ತಿದ್ದರೆ ನೀವು ಕಿಟಕಿಯ ಆಚೆ ನೋಡುತ್ತಾ ನಗುತ್ತಿದ್ದಿರಿ. ಆ ನಗು ನಿಜವಾದದ್ದೇ ಆಗಿತ್ತಾ? ಕೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ...

ಮುಂದೆ ನೀವು ಶಿಕ್ಷಕರ ತರಬೇತಿ ಮುಗಿಸಿ ಟೂಟಿಂಗ್‌ನ ಶಾಲೆಗೆ ಸೇರಿದಿರಿ. ನಿಮ್ಮ ತರಗತಿಯ ಬಗ್ಗೆ ನೀವು ಮೊದಲು ಹೇಳಿದ್ದು ಮಕ್ಕಳ ಹೆಸರುಗಳನ್ನಲ್ಲ, ಅವರ ಬೂಟುಗಳನ್ನು. ಅಲ್ಲಿನ ಹುಲ್ಲುಬಯಲಿನ ಎದುರಿನ ದೊಡ್ಡ ಮನೆಗಳಿಂದ ಬರುವ ಮಕ್ಕಳೂ ಅಲ್ಲೇ, ಮನೆಯಿಲ್ಲದವರಿಗೆ ಊರಿನ ಕೌನ್ಸಿಲ್ ಕೊಟ್ಟ ಒಂದೇ ಕೋಣೆಯಲ್ಲಿ ಇಡೀ ಸಂಸಾರ ಮಾಡುವವರ ಮಕ್ಕಳೂ ಅಲ್ಲೇ. ಸಮವಸ್ತ್ರ ಎಲ್ಲರಿಗೂ ಒಂದೇ ಆದರೂ ಕಾಲು ಹೇಳಿಬಿಡುತ್ತದೆ ಅನ್ನುತ್ತಿದ್ದಿರಿ. ಅಂಥ ಮಕ್ಕಳಿಗೆ ಪ್ರತಿ ವರ್ಷ ಎಲೆ ಉದುರುವ ಹೊತ್ತಿಗೆ ಆ ಪಾಠ ಶುರುವಾಗುತ್ತಿತ್ತು: ಯುದ್ಧ ಮುಗಿದ ಮೇಲೆ ಅಮೆರಿಕ ಉಕ್ಕಿದ ಕಾಲ. ಕಾರು, ರೇಡಿಯೊ, ಸಿನೆಮಾ, ಮುಗಿಲಿಗೆ ಏರುವ ಕಟ್ಟಡ, ಸಾಲ ತಂದು ಷೇರು ಕೊಳ್ಳುವ ಹುಚ್ಚು. ಎಲ್ಲರೂ ಆ ಕಥೆಯನ್ನು ಷೇರು ಪೇಟೆಯ ಕೊನೆಯ ಕುಸಿತಕ್ಕಾಗಿ ಹೇಳುತ್ತಾರೆ. ನೀವು ಹಾಗಲ್ಲ. ಒಮ್ಮೆ ಸೊಪ್ಪು ಬಿಡಿಸುತ್ತಾ ನನಗೆ ಹೇಳಿದಿರಿ: "ಕುಸಿತದಾಗ ಬಿದ್ದವರ ಬಗ್ಗೆ ಎಲ್ಲಾರೂ ಬರದಾರ, ಸುಧಾ. ಅದು ಕುಸಿಯೂಕಿಂತ ಮೊದಲ ಬಿದ್ದವರು ಇದ್ದರಲ್ಲ, ಊರೆಲ್ಲಾ ಹಬ್ಬ ಮಾಡೂ ಮುಂದ ಬಿದ್ದವರು, ಅವರನ್ನ ಯಾರ ಕೇಳ್ಯಾರ?" ಹೊಲಕ್ಕೆ ಸಾಲ ಮಾಡಿ ಗೋಧಿ ಬೆಳೆದು ಕೊಳ್ಳುವವರಿಲ್ಲದೆ ಕೂತವರು, ಗಣಿಯವರು, ದಕ್ಷಿಣದ ಹತ್ತಿ ಹೊಲಗಳಲ್ಲಿ ಬೇರೆಯವರ ನೆಲವನ್ನು ಪಾಲಿಗೆ ಮಾಡುತ್ತಿದ್ದ ಕಪ್ಪು ಜನ. ಪಟ್ಟಣದ ಮನೆಗಳಲ್ಲಿ ದೀಪ ಹತ್ತಿದಾಗ ಇವರ ಮನೆಗಳಿಗೆ ಕಂಬವೇ ಬಂದಿರಲಿಲ್ಲ. ನೀವು ಅವರ ಬಗ್ಗೆ ಮಾತಾಡುವಾಗ ಓದಿದವರ ಹಾಗಲ್ಲ, ನಿನ್ನೆ ನೋಡಿಕೊಂಡು ಬಂದವರ ಹಾಗೆ ಮಾತಾಡುತ್ತಿದ್ದಿರಿ.

ಹೊಟ್ಟೆಯ ನೋವು ಅಂತ ನೀವು ಜಿಪಿ ಡಾಕ್ಟರ ಹತ್ತಿರ ಹೋದದ್ದೂ ಅದೇ ಪಾಠದ ನಡುವೆ. ಸ್ಕ್ಯಾನಿನ ಚಿತ್ರವನ್ನು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಮೇದೋಜೀರಕದಲ್ಲಿ ಗಡ್ಡೆ ಆ ಜಾಗಕ್ಕೆ ಬಂದರೆ ಮುಂದಿನದು ಏನೆಂದು ಗೊತ್ತಿದ್ದೂ ನಾನು ನಿಮ್ಮ ಕೋಟಿನ ಗುಂಡಿ ಹಾಕುತ್ತಾ, ಮನೆಗೆ ಹೋಗಿ ಗಂಜಿ ಮಾಡಿಕೊಡ್ತೀನಿ ಅಂದೆ. ಸ್ಕ್ಯಾನಿನಲ್ಲಿ ಏನಿದೆ ಎಂದು ನೀವು ಕೇಳಲೇ ಇಲ್ಲ. ಚಳಿಗಾಲ ಮುಗಿಯುವಷ್ಟರಲ್ಲಿ ಕೊನೆಗಾಲದವರನ್ನು ನೋಡಿಕೊಳ್ಳುವ ಹಾಸ್ಪಿಸ್‌ನ ಮಂಚದಲ್ಲಿದ್ದಿರಿ. ನಾನು ತುಟಿಗೆ ಒದ್ದೆ ಬಟ್ಟೆ ಒತ್ತುತ್ತಿದ್ದರೆ ನಿಮ್ಮ ಚಿಂತೆ ಬೇರೆಯೇ ಇತ್ತು. "ನನ್ನ ಬದಲಿ ಬಂದವರು ಕುಸಿತದಿಂದನ ಶುರು ಮಾಡ್ತಾರ, ಸುಧಾ. ಅವರಿಗೆ ವ್ಯಾಳ್ಯಾ ಇಲ್ಲ." ಈಗ ಅದೆಲ್ಲ ಯಾಕೆ ಅಂದೆ. ಮತ್ತೆ ಯಾವಾಗ ಅನ್ನುವ ಹಾಗೆ ನನ್ನನ್ನು ನೋಡಿದಿರಿ. ಅಂತ್ಯಕ್ರಿಯೆಯ ದಿನ ನಿಮ್ಮ ತರಗತಿಯ ಮಕ್ಕಳೆಲ್ಲ ಸಮವಸ್ತ್ರದಲ್ಲೇ ಬಂದಿದ್ದರು. ಒಳಗೆ ಜಾಗವಿರಲಿಲ್ಲ. ಹೊರಗೆ ಚಳಿಯಲ್ಲಿ ಸಾಲಾಗಿ ನಿಂತಿದ್ದರು. ನಾನು ತಲೆ ತಗ್ಗಿಸಿ ನಡೆಯುವಾಗ ಕಂಡದ್ದು ಅವರ ಬೂಟುಗಳೇ.

ನೀವು ಹೋದ ಮೇಲೆ ನಿಮ್ಮ ಮಗಳು ಅನಘಾ ಅಳಲಿಲ್ಲ. ನಿಮ್ಮ ಹೆಸರನ್ನೂ ಎತ್ತಲಿಲ್ಲ. ಹದಿಮೂರರ ಹುಡುಗಿ, ಬಾಗಿಲು ಮುಚ್ಚಿಕೊಂಡು ಓದುತ್ತಿದ್ದಳು, ಪ್ರವೇಶ ಪರೀಕ್ಷೆ ಗೆದ್ದು ಸೇರಿದ ಗ್ರಾಮರ್ ಶಾಲೆಯಲ್ಲಿ ಎಲ್ಲದರಲ್ಲೂ ಮುಂದೆ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಹೇಳುವುದು ಮೊದಲಿನಿಂದಲೂ ಇದ್ದದ್ದೇ. ನೀವಿದ್ದಾಗ ಅದು ನನ್ನನ್ನು ಅಷ್ಟು ಕಾಡಿರಲಿಲ್ಲ. ಈಗ ಮನೆಯಲ್ಲಿ ಕನ್ನಡ ಮಾತಾಡುವುದು ನಾನೊಬ್ಬಳೇ, ಅದೂ ಗೋಡೆಗೆ ಹೇಳಿದ ಹಾಗೆ. ಭಾನುವಾರ ಹುಬ್ಬಳ್ಳಿಯಿಂದ ನಿಮ್ಮವ್ವ ಫೋನ್ ಮಾಡುತ್ತಾರೆ. ನಿಮ್ಮಕ್ಕ ಫೋನನ್ನು ಅವರ ಕಿವಿಗೆ ಹಿಡಿದು ಕೊಡುತ್ತಾರೆ. ನಿಮ್ಮ ತಾಯಿಗೆ ಇಂಗ್ಲಿಷ್ ಬಾರದು, ನಿಮ್ಮ ಮಗಳ ಬಾಯಿಂದ ಕನ್ನಡ ಹೊರಡದು. "ಹಾಯ್ ಅಜ್ಜಿ, ಫೈನ್ ಅಜ್ಜಿ," ಅಂದು ಅವಳು ಫೋನನ್ನು ನನ್ನ ಕೈಗೆ ದಾಟಿಸುವಳು. ಆಮೇಲೆ ಅವ್ವ ನನ್ನನ್ನು, ಕೂಸು ಉಂಡ್ತೇನವಾ ಅಂತ ಕೇಳುವರು. ಮಗನ ಗುರುತಿಗೆ ಉಳಿದದ್ದು ಆ ಕೂಸೊಂದು, ಅದರ ಮಾತೂ ಅವರಿಗೆ ಸಿಗುವುದಿಲ್ಲವಲ್ಲ ಅಂತ ನನಗೆ ಸಂಕಟವಾಗುತ್ತಿತ್ತು.

ಈ ವರ್ಷ ಅವಳಿಗೆ ಜಿಸಿಎಸ್‌ಇ, ನಮ್ಮ ಎಸ್ಸೆಸ್ಸೆಲ್ಸಿ ಇದ್ದ ಹಾಗೆ ಅಂತ ಅವ್ವನಿಗೆ ಹೇಳಿದ್ದೇನೆ. ಡಿಸೆಂಬರಿನ ಪೂರ್ವಸಿದ್ಧತಾ ಪರೀಕ್ಷೆ ಮುಗಿದ ಮೇಲೆ ಶಾಲೆಯಿಂದ ಕರೆ ಬಂತು. ನಾನು ಥಿಯೇಟರಿನ ಬಟ್ಟೆಯಲ್ಲೇ ಕಾರಿಡಾರಿಗೆ ಬಂದು ಮಾತಾಡಿದೆ. ಇತಿಹಾಸದ ಟೀಚರು ಒಳ್ಳೆಯ ಹೆಂಗಸು, ಬಹಳ ಎಚ್ಚರದಿಂದ ಮಾತಾಡಿದರು. ಬೇರೆ ಎಲ್ಲ ಪ್ರಶ್ನೆಗಳಿಗೂ ಅನಘಾ ಚೆನ್ನಾಗಿ ಬರೆದಿದ್ದಾಳೆ, ಆದರೆ ಅಮೆರಿಕದ ಭಾಗವನ್ನು ಖಾಲಿ ಬಿಟ್ಟಿದ್ದಾಳೆ. ಗೊತ್ತಿಲ್ಲದೆ ಅಲ್ಲ, ಒಂದು ಅಕ್ಷರವನ್ನೂ ಬರೆದಿಲ್ಲ. ಆ ಪಾಠ ನಡೆಯುವಾಗಲೂ ಕಿಟಕಿಯ ಕಡೆ ನೋಡುತ್ತಾ ಕೂತಿರುತ್ತಾಳಂತೆ. ಮನೆಯಲ್ಲಿ ಏನಾದರೂ ತೊಂದರೆ ಇದೆಯೇ ಅಂದರು. ನೀವು ಏನು ಕಲಿಸುತ್ತಿದ್ದಿರಿ ಎಂದು ನಾನು ಅವರಿಗೆ ಹೇಳಿದೆ.

ನಾನೇನು ಮಾಡಲಿ? ನನಗೆ ಗೊತ್ತಿರುವ ಒಂದೇ ದಾರಿ ಹಿಡಿದೆ. ಪುಸ್ತಕ ತಂದು, ಮೆಡಿಕಲ್ ಕಾಲೇಜಿನಲ್ಲಿ ಅಂಗರಚನೆ ಓದಿದ ಹಾಗೆ ನಿಮ್ಮ ಅಮೆರಿಕವನ್ನು ಉರುಹೊಡೆದೆ. ಒಂದು ಶನಿವಾರ ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ಮುಂದಿಟ್ಟು ಅವಳನ್ನು ಕೂರಿಸಿದೆ. ಉತ್ಕರ್ಷಕ್ಕೆ ಕಾರಣಗಳು, ಲಾಭ ಪಡೆದವರು, ಪಡೆಯದವರು, ಹೀಗೆ ಓದುತ್ತಾ ಹೋದೆ. ಅವಳು ಚಮಚದಿಂದ ಉಪ್ಪಿಟ್ಟಿನಲ್ಲಿ ಗೆರೆ ಎಳೆಯುತ್ತಿದ್ದಳು. ಪಾಲಿಗೆ ಹೊಲ ಮಾಡುವವರ ಭಾಗ ಬಂದಾಗ ತಲೆಯೆತ್ತಿ ಇಂಗ್ಲಿಷಿನಲ್ಲಿ, ಸಾಕು ನಿಲ್ಲಿಸು ಅಮ್ಮಾ, ಆಪರೇಷನ್ನಿಗೆ ಮುಂಚೆ ಪೇಷಂಟಿಗೆ ಅಪಾಯಗಳನ್ನು ಓದಿ ಹೇಳುವ ಹಾಗೆ ಹೇಳ್ತಿದೀಯ ಅಂದಳು. ನನಗೂ ಸಿಟ್ಟು ಬಂತು. ಮತ್ತೆ ಹೇಗೆ ಹೇಳಬೇಕು, ನೀನೇ ಹೇಳು ಅಂದೆ. ಅವಳು ಚಮಚ ಕೆಳಗಿಟ್ಟಳು.

"ಅಪ್ಪ ಹಂಗ ಹೇಳ್ತಿರಲಿಲ್ಲ," ಅಂದಳು.

ಹಂಗ. ರೀ, ಮೈಸೂರಿನವಳಾದ ನನ್ನ ಬಾಯಲ್ಲಿ ಎಂದೂ ಬಾರದ ಮಾತು ಅದು. ನಾನು ಪುಸ್ತಕ ಮುಚ್ಚಿದೆ. ಮತ್ತೆ ಹೆಂಗೆ ಹೇಳ್ತಿದ್ರು ಅಂತ ಮೆಲ್ಲಗೆ ಕೇಳಿದೆ. ಅವಳು ಹೇಳತೊಡಗಿದಳು. ಮೊದಲು ಅರ್ಧ ಇಂಗ್ಲಿಷು, ತಡವರಿಕೆ. ಆಮೇಲೆ ಇಂಗ್ಲಿಷು ತಾನಾಗಿ ಉದುರಿಹೋಯಿತು. ಶನಿವಾರ ನಾನು ಆಸ್ಪತ್ರೆಯಲ್ಲಿದ್ದಾಗ ನೀವು ಅವಳನ್ನು ಕಾರಿನಲ್ಲಿ ಟೂಟಿಂಗ್‌ಗೆ ಮಸಾಲೆ ದೋಸೆ ತಿನ್ನಿಸಲು ಕರೆದುಕೊಂಡು ಹೋಗುತ್ತಿದ್ದಿರಲ್ಲ, ಆ ದಾರಿಯುದ್ದಕ್ಕೂ ವಾರದ ಪಾಠವನ್ನು ಅವಳಿಗೆ ಹೇಳುತ್ತಿದ್ದಿರಂತೆ. ಡೆಟ್ರಾಯಿಟ್, ಷಿಕಾಗೊ, ಕ್ಯಾನ್ಸಸ್, ಎಲ್ಲವನ್ನೂ ನಿಮ್ಮ ಹುಬ್ಬಳ್ಳಿ ಕನ್ನಡದಲ್ಲಿ. ಆ ಕಥೆ ಅವಳೊಳಗೆ ಆ ಭಾಷೆಯಲ್ಲೇ ಇತ್ತು. ಇಂಗ್ಲಿಷಿನಲ್ಲಿ ಅದನ್ನು ಹೇಗೆ ಬರೆಯುತ್ತಾಳೆ? ಬರೆದರೆ ನೀವು ಹೇಳಿದ್ದು ಅಳಿಸಿಹೋಗುತ್ತದೆ ಅಂತ ಹೆದರಿದ್ದಳೇನೋ, ನನ್ನ ಕೂಸು...

ಗ್ರೇಸ್ ಎಂಬ ಹುಡುಗಿಯ ವಿಷಯ ನನಗೆ ಗೊತ್ತಾದದ್ದೂ ಆಗಲೇ. ನೀವು ನನಗೆ ಹೇಳಿಯೇ ಇರಲಿಲ್ಲವಲ್ಲ. ತರಗತಿಯಲ್ಲಿ ಎಲ್ಲರಿಂದ ಒಂದೊಂದು ಚೀಟಿ ಎತ್ತಿಸುತ್ತಿದ್ದಿರಂತೆ. ಒಬ್ಬ ಕಾರು ಕಾರ್ಖಾನೆಯ ಕೆಲಸಗಾರ, ಒಬ್ಬಳು ವಕೀಲನ ಹೆಂಡತಿ, ಒಬ್ಬ ಗೋಧಿ ಬೆಳೆಗಾರ. ಪ್ರತಿ ಪಾಠದಲ್ಲಿ ಯಾರ ಮನೆಗೆ ಏನು ಬಂತೋ ಅದರ ಚಿತ್ರವನ್ನು ಅವರು ಕತ್ತರಿಸಿ ಅಂಟಿಸಬೇಕು. ಏನೂ ಬಾರದವರು ಕೈ ಕಟ್ಟಿ ಕೂತು ನೋಡಬೇಕು. ಗ್ರೇಸ್‌ಗೆ ಮಿಸಿಸಿಪ್ಪಿಯ ಹತ್ತಿ ಹೊಲದ ಚೀಟಿ ಬಂತು. ತಾಯಿ ಆಫೀಸುಗಳನ್ನು ಗುಡಿಸಿ ಒರೆಸುವವಳು, ಮನೆ ಎಂದರೆ ಕೌನ್ಸಿಲ್ಲಿನ ಒಂದು ಕೋಣೆ. ಪಕ್ಕದವರು ಕಾರು, ಫ್ರಿಜ್, ರೇಡಿಯೊ ಅಂಟಿಸುತ್ತಾ ಹೋದರು. ಇವಳು ಕೈ ಕಟ್ಟಿ ಕೂತೇ ಇದ್ದಳು.

"ಕಡೀಕ ಎದ್ದು ನಿಂತ್ಲು ಅಮ್ಮಾ," ಅಂದಳು ಅನಘಾ. "ಸರ್, ನನ್ನ ಪಾಳಿ ಯಾವಾಗ ಬರ್ತೈತಿ ಅಂತ ಕೇಳಿದ್ಲು. ಈ ಹತ್ತು ವರ್ಷದಾಗ ನಿನ್ನ ಪಾಳಿ ಬರೂದಿಲ್ಲ ಅಂದ್ರು ಅಪ್ಪ. ಹಂಗಾದ್ರ ನಾ ಯಾಕ ಇಲ್ಲಿ ಕೂಡ್ಲಿ ಅಂತ ಹೇಳಿ, ಚೀಲಾ ತಗೊಂಡು ಹೊರಗ ಹೋಗೇಬಿಟ್ಲು."

ನೀವು ಅವಳನ್ನು ಕರೆಯಲಿಲ್ಲವಂತೆ. ಆಮೇಲೆ ಬೋರ್ಡಿನ ಮೇಲೆ ದಕ್ಷಿಣದಿಂದ ಉತ್ತರಕ್ಕೆ ಒಂದು ಬಾಣ ಎಳೆದು, ಗ್ರೇಸ್ ಈಗ ಮಾಡಿದ್ದನ್ನೇ ಆ ಕಾಲದಲ್ಲಿ ಲಕ್ಷಾಂತರ ಕಪ್ಪು ಜನ ಮಾಡಿದರು, ಹತ್ತಿ ಹೊಲ ಬಿಟ್ಟು ಎದ್ದು ಹೊರಟುಬಿಟ್ಟರು, ಇದೇ ಇವತ್ತಿನ ಪಾಠ ಅಂದಿರಂತೆ. ಮರುದಿನ ಅವಳು ಬಂದು, ಈಗ ನಾನು ಷಿಕಾಗೊದಲ್ಲಿದ್ದೇನೆ, ನನಗೆ ರೇಡಿಯೊ ಸಿಗುತ್ತಾ ಅಂತ ಕೇಳಿದಳು. ಸಿಕ್ಕೀತು, ಆದರೆ ಊರಿನ ಒಂದೇ ಮೂಲೆಯಲ್ಲಿ ನಿನಗೆ ಮನೆ ಕೊಡುತ್ತಾರೆ, ಕೋಣೆ ಸಣ್ಣದು, ಬಾಡಿಗೆ ದೊಡ್ಡದು ಅಂದಿರಿ. ಹಾಗಾದರೆ ನಮ್ಮ ಮನೆಯ ಹಾಗೇ ಅಂದಳಂತೆ ಗ್ರೇಸ್. ತರಗತಿ ನಕ್ಕಿತು, ಅವಳೂ ನಕ್ಕಳು.

ಇದನ್ನು ಹೇಳುತ್ತಿದ್ದಾಗ ನೀವು ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದಿರಂತೆ. ಮುಂದೆ ಓಡಿಸಲು ನಿಮಗೆ ಆಗಲಿಲ್ಲವಂತೆ. ಅಪ್ಪಾ, ನಿಂಗ ಏನಾತು ಅಂತ ಕೇಳಿದಳಂತೆ ಹಿಂದಿನ ಸೀಟಿನಲ್ಲಿದ್ದ ಮಗಳು. "ನಾ ಚೀಟಿ ಬರದು ಆಟ ಹೂಡಿದ್ದೆ, ಪುಟ್ಟಿ. ಆಕಿಗೆ ಅದು ಆಟ ಆಗಿರಲಿಲ್ಲ," ಅಂದಿರಂತೆ. ಆ ವರ್ಷದಿಂದ ಚೀಟಿ ಬಿಟ್ಟಿರಿ. ನಿಮಗೆ ಇಂಥ ನೋವು ಇತ್ತು, ಅದನ್ನು ನಮ್ಮ ಮಗಳು ಇಷ್ಟು ವರ್ಷ ಒಬ್ಬಳೇ ಇಟ್ಟುಕೊಂಡಿದ್ದಳು. ಅವಳು ಹೇಳಿ ಮುಗಿಸಿ, ಎರಡು ವರ್ಷಗಳಿಂದ ಅಳದವಳು, ನನ್ನ ಹೊಟ್ಟೆಗೆ ಮುಖ ಒತ್ತಿ ಅತ್ತಳು. ಉಪ್ಪಿಟ್ಟು ಆರಿಹೋಯಿತು. ನಾವಿಬ್ಬರೂ ಅಲ್ಲಿಂದ ಏಳಲಿಲ್ಲ.

ಆಮೇಲಿನ ಶನಿವಾರಗಳಲ್ಲಿ ಅವಳು ಹೇಳುವುದು, ನಾನು ಕೇಳುವುದು. ನನಗೆ ಅರ್ಥವಾಗದ ನಿಮ್ಮ ಕಡೆಯ ಮಾತುಗಳನ್ನು ಅವಳೇ ಬಿಡಿಸಿ ಹೇಳುತ್ತಾಳೆ, ನಗುತ್ತಾಳೆ. ಹೇಳಿ ಮುಗಿದ ಮೇಲೆ ಕೂತು ಇಂಗ್ಲಿಷಿನಲ್ಲಿ ಬರೆಯುತ್ತಾಳೆ. ಟೀಚರು ಓದಿ, ಇದು ಪುಸ್ತಕದ ಉತ್ತರವಲ್ಲ ಅಂದರಂತೆ. ಹೊಗಳಿಕೆಯೋ ದೂರೋ ಅಂತ ನಾನು ಕೇಳಿದೆ. ಎರಡೂ ಇರಬಹುದು ಅಂದಳು.

ಈಗ ಸುದ್ದಿ. ಹೋದ ಭಾನುವಾರ ಅವ್ವನ ಫೋನ್ ಬಂತು. ಅನಘಾ ಎಂದಿನ ಹಾಗೆ ನನಗೆ ದಾಟಿಸಲಿಲ್ಲ. "ಅಜ್ಜಿ, ಆರಾಮ ಅದಿಯೇನು?" ಅಂದಳು. ಸ್ಪೀಕರಿನಲ್ಲಿ ಅವ್ವ ನಿಮ್ಮಕ್ಕನನ್ನು, ಯಾರವಾ ಇದರಾಗ ಮಾತಾಡಾಕತ್ತವರು ಅಂತ ಕೇಳುವುದು ಕೇಳಿಸಿತು. ನಾನು ಸಿಂಕಿನ ಕಡೆ ತಿರುಗಿ ನಿಂತುಕೊಂಡೆ. ಅಪ್ಪ ಶಾಲೆಯಲ್ಲಿ ಏನು ಕಲಿಸುತ್ತಿದ್ದರು ಗೊತ್ತಾ ಅಂತ ಇವಳು ಶುರು ಮಾಡಿದಳು. ಮಗ ಲಂಡನ್ನಿನಲ್ಲಿ ಮಾಸ್ತರ ಅಂತಷ್ಟೇ ತಿಳಿದಿದ್ದ ಮುದುಕಿಗೆ ಅಮೆರಿಕದ ಹಬ್ಬ, ಅಮೆರಿಕದ ಹೊಲ ಎಲ್ಲ ಹೇಳಿದಳು. ಅವ್ವ ಹೂಂ ಹೂಂ ಅನ್ನುತ್ತಿದ್ದರು. ಹತ್ತಿಯ ಮಾತು ಬಂದಾಗ ತಡೆದು ಕೇಳಿದರು, ಅಲ್ಲೀನೂ ಹತ್ತಿ ಬಿಡಿಸೂ ಮುಂದ ಬೆರಳಿಗೆ ಚುಚ್ಚತಿತ್ತೇನವಾ ಅಂತ.

ಇವಳಿಗೆ ಗೊತ್ತಿರಲಿಲ್ಲ. ಹತ್ತಿ ಮೆತ್ತಗಲ್ಲವೇ, ಅದು ಯಾಕೆ ಚುಚ್ಚುತ್ತದೆ ಅಂದಳು. ಕಾಯಿ ಒಣಗಿ ಒಡೆದಾಗ ಅದರ ತುದಿ ಸೂಜಿಯ ಹಾಗಿರುತ್ತದೆ, ಹತ್ತಿ ಕಿತ್ತಷ್ಟೂ ಉಗುರಿನ ಬುಡದಲ್ಲಿ ರಕ್ತ ಒಸರುತ್ತದೆ ಅಂದರು ಅವ್ವ. ನಿಂಗ ಹೆಂಗ ಗೊತ್ತು ಅಜ್ಜಿ ಅಂತ ಕೇಳಿದಳು. ಅವ್ವ ಹೇಳಿದರು. ಸಣ್ಣಾಕಿ ಇದ್ದಾಗ ತಾಯಿ ಶಾಲೆ ಬಿಡಿಸಿ ನವಲಗುಂದದ ಕಡೆ ಬೇರೆಯವರ ಹೊಲಕ್ಕೆ ಕರೆದುಕೊಂಡು ಹೋಗುತ್ತಿದ್ದಳಂತೆ. ಹತ್ತಿಗೆ ಭಾರೀ ಧಾರಣೆ ಬಂದ ವರ್ಷ ಹೊಲದ ಸಾಹುಕಾರನ ಮನೆಗೆ ಮೋಟಾರು ಕಾರು ಬಂತಂತೆ. ಅದನ್ನು ಮುಟ್ಟಿ ನೋಡಲು ಹೋದ ಇವರನ್ನು, ಕೈಯ ರಕ್ತ ಹತ್ತುತ್ತದೆ ಅಂತ ಓಡಿಸಿದರಂತೆ. ಮದುವೆಯಾಗಿ ರೈಲ್ವೆಯವರ ಮನೆಗೆ ಬಂದ ಮೇಲೆ ಆ ಮಾತನ್ನು ಯಾರ ಮುಂದೆಯೂ ಆಡಿಲ್ಲವಂತೆ.

ಇದು ಅಪ್ಪಗ ಗೊತ್ತಿತ್ತೇನು ಅಂತ ಅನಘಾ ಕೇಳಿದಳು.

"ಇಲ್ಲವಾ," ಅಂದರು ಅವ್ವ. "ಅಂವ ಕೇಳಲಿಲ್ಲ, ನಾ ಹೇಳಲಿಲ್ಲ."

ಇದೇ ರೀ ಸುದ್ದಿ. ನೀವು ಎಷ್ಟೊಂದು ವರ್ಷ ಮಿಸಿಸಿಪ್ಪಿಯ ಹೊಲಗಳಲ್ಲಿ ಹುಡುಕಿದ ಹೆಂಗಸು ನಿಮಗೆ ರೊಟ್ಟಿ ಬಡಿದು ಹಾಕುತ್ತಾ ಒಲೆಯ ಮುಂದೆ ಕೂತಿದ್ದರು. ನಿಮಗೆ ಒಳಗೊಳಗೇ ಎಲ್ಲೋ ತಿಳಿದಿತ್ತಾ? ಅವರ ಬೆರಳು ನಿಮ್ಮ ಕೆನ್ನೆ ಮುಟ್ಟಿದಾಗ ಏನಾದರೂ... ಇಲ್ಲ, ಸುಮ್ಮನೆ ಕೇಳುತ್ತಿದ್ದೇನೆ. ನೀವಿದ್ದಿದ್ದರೆ ಆ ರಾತ್ರಿಯೇ ಟಿಕೆಟ್ಟು ತೆಗೆದುಕೊಂಡು ಹೊರಡುತ್ತಿದ್ದಿರಿ.

ಪರೀಕ್ಷೆ ಮುಗಿದು ಬೇಸಿಗೆ ರಜೆ ಬಂದ ಕೂಡಲೇ ನಾವಿಬ್ಬರೂ ಹುಬ್ಬಳ್ಳಿಗೆ ಹೋಗುತ್ತಿದ್ದೇವೆ. ಅವ್ವನ ಮೊಣಕಾಲು ಒಪ್ಪಿದರೆ ಕಾರು ಮಾಡಿಕೊಂಡು ಆ ಹೊಲದ ತನಕ ಹೋಗುವುದು ಅಂತ ಅಜ್ಜಿ ಮೊಮ್ಮಗಳು ನನ್ನನ್ನು ಕೇಳದೆಯೇ ನಿಶ್ಚಯಿಸಿಕೊಂಡಿದ್ದಾರೆ. ಅನಘಾ ಮುಂದಿನ ಸೀಟಿನಲ್ಲಿ ಅಜ್ಜಿಯನ್ನು ಕೂರಿಸುತ್ತಾಳಂತೆ.

ನಿಮ್ಮವಳೇ,
ಸುಧಾ